ನಿಮ್ಮ ಪೇಜ್ ನಿಜವಾಗಿ ನಿಮ್ಮದೇನಾ? ಕಂಪೆನಿ ಜಾಲತಾಣ ಬಿಟ್ಟು ಹೊರಡುವವರಿಗೆ ಇರುವ ದಾರಿ

ಉಪ್ಪಳದಲ್ಲಿ ನನ್ನದೊಂದು ಸಣ್ಣ ಬಟ್ಟೆ ಅಂಗಡಿ. ಬಿ.ಕಾಂ. ಮುಗಿಸಿ ಕೆಲವು ವರ್ಷ ಗಲ್ಫಿನಲ್ಲಿದ್ದು, ವಾಪಸ್ ಬಂದು ಶುರು ಮಾಡಿದ್ದು. ವರ್ಷದ ವ್ಯಾಪಾರದಲ್ಲಿ ದೊಡ್ಡ ಪಾಲು ಬರುವುದು ರಮಝಾನಿನ ಕೊನೆಯ ಹದಿನೈದು ದಿನಗಳಲ್ಲಿ. ಎರಡು ವರ್ಷದ ಹಿಂದೆ ಅದೇ ಹೊತ್ತಿನಲ್ಲಿ, ಒಂದು ಬೆಳಿಗ್ಗೆ ಸಹರಿ ಮುಗಿಸಿ ಮೊಬೈಲ್ ನೋಡಿದರೆ ಅಂಗಡಿಯ ಪೇಜ್ ಇಲ್ಲ. "ನಮ್ಮ ನಿಯಮ ಉಲ್ಲಂಘನೆಯಾಗಿದೆ" ಅಂತ ಒಂದು ಸಾಲು. ಯಾವ ನಿಯಮ, ಯಾವ ಫೋಟೋ, ಎಂತ ತಪ್ಪು, ಏನೂ ಇಲ್ಲ. ಮೇಲ್ಮನವಿಯ ಬಟನ್ ಒತ್ತಿದೆ. ಉತ್ತರ ಕೊಟ್ಟದ್ದು ಮನುಷ್ಯನಾ ಯಂತ್ರವಾ ಅಂತ ಇವತ್ತಿಗೂ ಗೊತ್ತಿಲ್ಲ. ಹತ್ತೊಂಬತ್ತು ದಿನದ ನಂತರ ಪೇಜ್ ತಾನಾಗಿಯೇ ವಾಪಸ್ ಬಂತು. ಅಷ್ಟರಲ್ಲಿ ಪೆರ್ನಾಳ್ ಮುಗಿದು, ಉಳಿದ ಸ್ಟಾಕನ್ನು ಅರ್ಧ ಬೆಲೆಗೆ ಕೊಡಬೇಕಾಯಿತು.

ಆ ಜಾಲತಾಣದ ಹೆಸರು ಇಲ್ಲಿ ಮುಖ್ಯ ಅಲ್ಲ. ಮುಖ್ಯ ಸಂಗತಿ ಬೇರೆ. ಆರು ವರ್ಷ ಒಬ್ಬೊಬ್ಬರನ್ನಾಗಿ ಸೇರಿಸಿದ ಸಾವಿರಾರು ಗ್ರಾಹಕರಲ್ಲಿ ಒಬ್ಬರ ಫೋನ್ ನಂಬರೂ ನನ್ನ ಪುಸ್ತಕದಲ್ಲಿ ಇರಲಿಲ್ಲ. ಕಾಮರ್ಸ್ ಕ್ಲಾಸಿನಲ್ಲಿ ನಾವು "ಗುಡ್‌ವಿಲ್" ಅಂತ ಕಲಿತೆವಲ್ಲ, ವ್ಯಾಪಾರಿಯ ಕಣ್ಣಿಗೆ ಕಾಣದ ಆಸ್ತಿ, ಅದನ್ನು ಪೂರ್ತಿ ಇನ್ನೊಬ್ಬನ ಕಪಾಟಿನಲ್ಲಿಟ್ಟು ಕೀಲಿಯನ್ನೂ ಅವನಿಗೇ ಕೊಟ್ಟಿದ್ದೆ.

ಅದಾದ ಮೇಲೆ ಈ ವಿಷಯದ ಬಗ್ಗೆ ಓದಲು ಶುರು ಮಾಡಿದೆ. ಕಂಪೆನಿಗಳ ಜಾಲತಾಣ ಬಿಟ್ಟು, ಒಬ್ಬ ಮಾಲಕ ಇಲ್ಲದ "ವಿಕೇಂದ್ರಿತ" ಜಾಲತಾಣಗಳಿಗೆ ಹೋದವರು ಜಗತ್ತಿನಲ್ಲಿ ಲಕ್ಷಗಟ್ಟಲೆ ಇದ್ದಾರೆ. ಅವರು ಹೋದದ್ದು ಯಾಕೆ, ಅಲ್ಲಿ ಎಂತ ಉಂಟು, ಎಂತ ಇಲ್ಲ, ನಮ್ಮ ಹುಡುಗರಿಗೆ ಅದರಿಂದ ಪ್ರಯೋಜನ ಉಂಟಾ ಎಂಬುದನ್ನು ನನಗೆ ತಿಳಿದಷ್ಟು ಇಲ್ಲಿ ಬರೆಯುತ್ತಿದ್ದೇನೆ.

ಬಾಗಿಲು ಮುಚ್ಚಿದ ಪಟ್ಟಿ

ನನ್ನ ಪ್ರಾಯದವರಿಗೆ ಆರ್ಕುಟ್ ನೆನಪಿರಬಹುದು. ಕಾಲೇಜಿನ ಕಾಲದಲ್ಲಿ ಇಂಟರ್‌ನೆಟ್ ಕೆಫೆಗೆ ಗಂಟೆಗಿಷ್ಟು ಅಂತ ದುಡ್ಡು ಕೊಟ್ಟು ಸ್ಕ್ರಾಪ್ ಬರೆಯಲು ಹೋಗುತ್ತಿದ್ದೆವು. 2014ರ ಸೆಪ್ಟೆಂಬರ್ 30ರಂದು ಗೂಗಲ್ ಅದನ್ನು ಮುಚ್ಚಿತು. ಅದೇ ಕಂಪೆನಿಯ ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಹೋಯಿತು. 2020ರ ಜೂನ್ 29ರಂದು ಕೇಂದ್ರ ಸರಕಾರ 59 ಆ್ಯಪ್‌ಗಳನ್ನು ನಿಷೇಧಿಸಿದಾಗ ಟಿಕ್‌ಟಾಕ್ ಕೂಡ ಅದರಲ್ಲಿತ್ತು. ಅದರಲ್ಲೇ ಹೆಸರು ಮಾಡಿದ್ದ ಹಳ್ಳಿಯ ಹುಡುಗ ಹುಡುಗಿಯರ ಅಭಿಮಾನಿ ಬಳಗ ರಾತ್ರಿ ಬೆಳಗಾಗುವುದರೊಳಗೆ ಕೈತಪ್ಪಿತು.

"ನಮ್ಮ ದೇಶದ್ದೇ ಕಂಪೆನಿಯಾದರೆ ಸರಿಯಾಗುತ್ತದೆ" ಅಂತ ಹೇಳುವವರಿದ್ದಾರೆ. ಅದಕ್ಕೆ ಉತ್ತರ ಬೆಂಗಳೂರಿನಲ್ಲೇ ಉಂಟು. ಟ್ವಿಟ್ಟರ್‌ಗೆ ಪರ್ಯಾಯವಾಗಿ 2020ರಲ್ಲಿ ಬಂದ "ಕೂ" ಮೊದಲು ಶುರುವಾದದ್ದೇ ಕನ್ನಡದಲ್ಲಿ. ಮಂತ್ರಿಗಳು, ಕ್ರಿಕೆಟಿಗರು, ಸಿನಿಮಾದವರು ಎಲ್ಲರೂ ಸೇರಿದರು. ಹೂಡಿಕೆದಾರರ ದುಡ್ಡು ನಿಂತಿತು, ಇನ್ನೊಂದು ಕಂಪೆನಿಯ ಜೊತೆ ಸೇರುವ ಮಾತುಕತೆ ಮುರಿಯಿತು. 2024ರ ಜುಲೈನಲ್ಲಿ ಕೂ ಬಾಗಿಲು ಹಾಕಿತು. ಮಾಲಕ ಇಲ್ಲಿಯವನಾ ಅಮೆರಿಕದವನಾ ಅನ್ನುವುದಕ್ಕಿಂತ, ಎಲ್ಲವೂ ಒಬ್ಬನೇ ಮಾಲಕನ ಕೈಯಲ್ಲಿ ಇರುವುದೇ ತೊಂದರೆಯ ಮೂಲ.

ರೆಡಿಟ್‌ನಲ್ಲಿ ಆದ ಜಗಳ

ಇದನ್ನು ಅರ್ಥ ಮಾಡಿಕೊಳ್ಳಲು 2023ರ ರೆಡಿಟ್ ಜಗಳ ಒಳ್ಳೆಯ ಉದಾಹರಣೆ. ರೆಡಿಟ್ ಅಂದರೆ ವಿಷಯಕ್ಕೊಂದರಂತೆ ಚರ್ಚೆಯ ಕೋಣೆಗಳಿರುವ ಜಾಲತಾಣ. ಅಡುಗೆಗೆ ಒಂದು, ಕಾನೂನಿಗೆ ಒಂದು, ಬೈಕಿಗೆ ಒಂದು. ಆ ಕೋಣೆಗಳನ್ನು ನೋಡಿಕೊಳ್ಳುವುದು ಕಂಪೆನಿಯ ನೌಕರರಲ್ಲ, ಸಂಬಳವಿಲ್ಲದ ಸ್ವಯಂಸೇವಕರು. ಬರೆಯುವವರೂ ಪುಕ್ಕಟೆ, ಜಗಳ ಬಿಡಿಸುವವರೂ ಪುಕ್ಕಟೆ.

2023ರ ಏಪ್ರಿಲ್‌ನಲ್ಲಿ ಕಂಪೆನಿ ಒಂದು ಘೋಷಣೆ ಮಾಡಿತು. ಹೊರಗಿನ ಆ್ಯಪ್‌ಗಳು ರೆಡಿಟ್‌ನ ಮಾಹಿತಿ ಪಡೆಯಬೇಕಾದರೆ ಇನ್ನು ದುಡ್ಡು ಕೊಡಬೇಕು. ಆಮೇಲೆ ತಿಳಿದ ದರ 1,000 ಕೋರಿಕೆಗೆ 24 ಸೆಂಟ್. ಕೇಳಲು ಚಿಲ್ಲರೆ ಹಣ. ಆದರೆ "ಅಪೊಲೊ" ಎಂಬ ಜನಪ್ರಿಯ ಆ್ಯಪ್ ಮಾಡಿದ್ದ ಕ್ರಿಶ್ಚಿಯನ್ ಸೆಲಿಗ್ ಲೆಕ್ಕ ಹಾಕಿ, ತನಗೆ ವರ್ಷಕ್ಕೆ ಸುಮಾರು 2 ಕೋಟಿ ಡಾಲರ್ ಬರುತ್ತದೆ ಎಂದರು. ಕಣ್ಣು ಕಾಣದವರು ಬಳಸುತ್ತಿದ್ದ ಆ್ಯಪ್‌ಗಳ ಗತಿ ಏನು ಎಂಬ ಪ್ರಶ್ನೆಯೂ ಬಂತು. ಜೂನ್ 12ರಿಂದ 8,000ಕ್ಕೂ ಹೆಚ್ಚು ಕೋಣೆಗಳು ಪ್ರತಿಭಟನೆಯಾಗಿ ಬಾಗಿಲು ಹಾಕಿದವು, ಒಂದು ರೀತಿಯ ಹರತಾಳವೇ. ಕಂಪೆನಿ ಬಗ್ಗಲಿಲ್ಲ. ಬಾಗಿಲು ತೆರೆಯದಿದ್ದರೆ ಸ್ವಯಂಸೇವಕರನ್ನು ತೆಗೆದು ಬೇರೆಯವರನ್ನು ಕೂರಿಸುತ್ತೇವೆ ಎಂದಿತು. ಜೂನ್ 30ಕ್ಕೆ ಅಪೊಲೊ ಮುಚ್ಚಿತು.

ಮುಂದಿನ ವರ್ಷ, 2024ರ ಮಾರ್ಚ್‌ನಲ್ಲಿ, ರೆಡಿಟ್ ಷೇರು ಮಾರುಕಟ್ಟೆಗೆ ಬಂತು. ಅದಕ್ಕೆ ಸ್ವಲ್ಪ ಮೊದಲು, ಕೃತಕ ಬುದ್ಧಿಮತ್ತೆಗೆ ತರಬೇತಿ ಕೊಡಲು ಅಲ್ಲಿನ ಬರಹಗಳನ್ನು ಬಳಸಲು ಗೂಗಲ್ ವರ್ಷಕ್ಕೆ ಸುಮಾರು 6 ಕೋಟಿ ಡಾಲರ್ ಕೊಡುವ ಒಪ್ಪಂದವಾಗಿದೆ ಎಂದು ರಾಯಿಟರ್ಸ್ ವರದಿ ಮಾಡಿತು. ವ್ಯಾಪಾರಿಯಾಗಿ ನಾನು ಕಂಪೆನಿಯನ್ನು ಬೈಯುವುದಿಲ್ಲ. ಲಾಭ ನೋಡುವುದು ಅವರ ಕೆಲಸ. ಆದರೆ ಬ್ಯಾಲೆನ್ಸ್ ಶೀಟ್ ನೋಡಿದರೆ ಸತ್ಯ ತಿಳಿಯುತ್ತದೆ: ಅಲ್ಲಿ ನಾವು ಗಿರಾಕಿಗಳಲ್ಲ, ನಾವೇ ಸ್ಟಾಕು. ಜಾಹೀರಾತು ಕೊಡುವವನು, ಮಾಹಿತಿ ಕೊಳ್ಳುವವನು ಗಿರಾಕಿ.

ಆ ಜೂನ್ ತಿಂಗಳಲ್ಲಿ ರೆಡಿಟ್ ಬಿಟ್ಟವರಲ್ಲಿ ಸಾವಿರಾರು ಮಂದಿ ಹೋದದ್ದು "ಲೆಮ್ಮಿ" ಎಂಬ ಕಡೆಗೆ. ಅದು ಕಂಪೆನಿ ಅಲ್ಲ, 2019ರಲ್ಲಿ ಶುರುವಾದ ಒಂದು ಮುಕ್ತ ತಂತ್ರಾಂಶ. ಯಾರು ಬೇಕಾದರೂ ಅದನ್ನು ತಮ್ಮ ಸರ್ವರಿನಲ್ಲಿ ಹಾಕಿ ನಡೆಸಬಹುದು. ಬೇರೆ ಬೇರೆ ಜನ ನಡೆಸುವ ನೂರಾರು ಲೆಮ್ಮಿ ಸರ್ವರ್‌ಗಳು ಒಂದಕ್ಕೊಂದು ಮಾತಾಡುತ್ತವೆ.

ಮಹಲ್ಲ್ ಲೆಕ್ಕದಲ್ಲಿ ನೋಡಿ

"ಬೇರೆ ಬೇರೆ ಸರ್ವರ್ ಇದ್ದೂ ಒಂದೇ ಜಾಲ ಹೇಗೆ?" ಅಂತ ಅಂಗಡಿಯಲ್ಲಿ ಕೆಲಸಕ್ಕಿರುವ ಹುಡುಗ ಕೇಳಿದ. ಅವನಿಗೆ ನಾನು ಹೇಳಿದ ಉದಾಹರಣೆ ನಮ್ಮ ಜಮಾಅತ್‌ಗಳದ್ದು.

ಪ್ರತಿ ಮಹಲ್ಲಿಗೆ ಅದರದ್ದೇ ಮಸೀದಿ, ಅದರದ್ದೇ ಕಮಿಟಿ, ಅದರದ್ದೇ ರಿಜಿಸ್ಟರ್. ಚಂದಾ ಎಷ್ಟು, ಯಾರು ಅಧ್ಯಕ್ಷ ಎಂಬುದನ್ನು ಆ ಮಹಲ್ಲಿನವರೇ ತೀರ್ಮಾನಿಸುತ್ತಾರೆ. ಆದರೂ ಉಪ್ಪಳದವನು ಕುಂಬಳೆಯಲ್ಲಿ ನಮಾಝ್ ಮಾಡಬಹುದು, ಮಂಜೇಶ್ವರದ ಹುಡುಗಿಗೂ ಉಳ್ಳಾಲದ ಹುಡುಗನಿಗೂ ನಿಕಾಹ್ ಆಗುತ್ತದೆ. ಹುಡುಗನ ಜಮಾಅತ್‌ನಿಂದ ಒಂದು ಪತ್ರ ಬಂದರೆ ಹುಡುಗಿಯ ಜಮಾಅತ್ ಅದನ್ನು ನಂಬುತ್ತದೆ. ಎಲ್ಲ ಮಸೀದಿಗಳಿಗೂ ಸೇರಿ ಒಬ್ಬ ಮಾಲಕ ಇಲ್ಲ. ಒಂದು ಮಸೀದಿಯ ಕಮಿಟಿಯಲ್ಲಿ ಜಗಳವಾದರೆ ಉಳಿದವುಗಳ ಬಾಂಗ್ ನಿಲ್ಲುವುದಿಲ್ಲ.

ವಿಕೇಂದ್ರಿತ ಜಾಲತಾಣವೂ ಹೀಗೆಯೇ. ಒಂದೊಂದು ಸರ್ವರ್ ಒಂದೊಂದು ಮಹಲ್ಲ್ ಇದ್ದ ಹಾಗೆ. ಎಲ್ಲರೂ ಒಪ್ಪಿದ ಒಂದು ಸಾಮಾನ್ಯ ಭಾಷೆಯಲ್ಲಿ ಅವು ಪತ್ರ ವ್ಯವಹಾರ ಮಾಡುತ್ತವೆ. ಆ ಭಾಷೆಯ ಹೆಸರು "ಆ್ಯಕ್ಟಿವಿಟಿಪಬ್". ವೆಬ್‌ನ ನಿಯಮಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2018ರ ಜನವರಿಯಲ್ಲಿ ಅದಕ್ಕೆ ಅಧಿಕೃತ ಮಾನ್ಯತೆ ಕೊಟ್ಟಿತು. ಈ ಭಾಷೆ ಮಾತಾಡುವ ಎಲ್ಲ ತಾಣಗಳನ್ನೂ ಒಟ್ಟಾಗಿ "ಫೆಡಿವರ್ಸ್" ಎನ್ನುತ್ತಾರೆ. ಟ್ವಿಟ್ಟರ್ ರೀತಿಯದ್ದು ಮಾಸ್ಟೊಡಾನ್, ರೆಡಿಟ್ ರೀತಿಯದ್ದು ಲೆಮ್ಮಿ, ಫೋಟೋಗಳಿಗೆ ಪಿಕ್ಸೆಲ್‌ಫೆಡ್, ವೀಡಿಯೊಗಳಿಗೆ ಪಿಯರ್‌ಟ್ಯೂಬ್.

ಇದು ಹೊಸ ಕಲ್ಪನೆಯೇನಲ್ಲ. ಇಮೇಲ್ ಹೀಗೇ ಅಲ್ವಾ? ಜಿಮೇಲ್‌ನಿಂದ ಯಾಹೂಗೆ ಪತ್ರ ಹೋಗುತ್ತದೆ. ಜಿಯೋ ಸಿಮ್‌ನಿಂದ ಬಿಎಸ್ಸೆನ್ನೆಲ್‌ಗೆ ಫೋನ್ ಹೋಗುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಕಾಲದಲ್ಲಿ ಮಾತ್ರ ನಾವು ಗೋಡೆ ಕಟ್ಟಿದ ಕಾಂಪೌಂಡಿನೊಳಗೆ ಕೂತು, ಅದೇ ಜಗತ್ತು ಅಂತ ಅಂದುಕೊಂಡದ್ದು.

ಹೋದವರ ಕಥೆ

ಮಾಸ್ಟೊಡಾನನ್ನು ಜರ್ಮನಿಯ ಯುವಕ ಯೂಜೆನ್ ರೋಚ್ಕೊ 2016ರಲ್ಲಿ ಶುರು ಮಾಡಿದರು. ನಮ್ಮ ದೇಶದಲ್ಲಿ ಅದರ ಹೆಸರು ಮೊದಲು ದೊಡ್ಡದಾಗಿ ಕೇಳಿಬಂದದ್ದು 2019ರ ನವೆಂಬರ್‌ನಲ್ಲಿ. ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಟ್ವಿಟ್ಟರ್ ಖಾತೆಯನ್ನು ಅಮಾನತು ಮಾಡಲಾಗಿತ್ತು. ಕಾರಣವಾದದ್ದು 1936ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ತೆಗೆದ ಒಂದು ಫೋಟೋ: ಸುತ್ತಲಿನವರೆಲ್ಲ ನಾಝಿ ಸೆಲ್ಯೂಟ್ ಹೊಡೆಯುತ್ತಿರುವಾಗ ಒಬ್ಬ ಮಾತ್ರ ಕೈ ಕಟ್ಟಿ ನಿಂತಿದ್ದಾನೆ. ನಾಝಿಗಳನ್ನು ವಿರೋಧಿಸುವ ಚಿತ್ರವೇ ದ್ವೇಷದ ಚಿತ್ರ ಅಂತ ಲೆಕ್ಕವಾಯಿತು! ಆಗ ಭಾರತದಿಂದ ತುಂಬಾ ಜನ ಮಾಸ್ಟೊಡಾನ್‌ನಲ್ಲಿ ಖಾತೆ ತೆರೆದರು.

ಎರಡನೇ ಅಲೆ 2022ರದ್ದು. ಅಕ್ಟೋಬರ್ 27ರಂದು ಎಲಾನ್ ಮಸ್ಕ್ 4,400 ಕೋಟಿ ಡಾಲರ್‌ಗೆ ಟ್ವಿಟ್ಟರ್ ಕೊಂಡರು. ಅಕ್ಟೋಬರ್ ಮತ್ತು ನವೆಂಬರ್ ನಡುವೆ ಮಾಸ್ಟೊಡಾನ್‌ನ ತಿಂಗಳ ಬಳಕೆದಾರರು ಸುಮಾರು 3 ಲಕ್ಷದಿಂದ 25 ಲಕ್ಷಕ್ಕೆ ಏರಿದರು ಎಂದು ರೋಚ್ಕೊ ಬರೆದರು. ಡಿಸೆಂಬರ್‌ನಲ್ಲಿ ಟ್ವಿಟ್ಟರ್, ಬೇರೆ ಜಾಲತಾಣದ ವಿಳಾಸವನ್ನು ಪ್ರಚಾರ ಮಾಡಿದರೆ ಖಾತೆ ಅಮಾನತು ಎಂಬ ನಿಯಮ ತಂದಿತು. ವಿರೋಧ ಜೋರಾದಾಗ ಬೇಗನೇ ಅದನ್ನು ಹಿಂದೆಗೆಯಿತು. ಪಕ್ಕದ ಅಂಗಡಿಯ ಹೆಸರು ಹೇಳಿದರೆ ಗಿರಾಕಿಯನ್ನೇ ಹೊರಗೆ ಹಾಕುವ ಅಂಗಡಿಯನ್ನು ನಾನಂತೂ ಬೇರೆಲ್ಲೂ ನೋಡಿಲ್ಲ.

ಸರಕಾರಿ ಸಂಸ್ಥೆಗಳೂ ಈ ದಾರಿ ಹಿಡಿದಿವೆ. ಜರ್ಮನಿ ಮತ್ತು ನೆದರ್‌ಲ್ಯಾಂಡ್ಸ್ ಸರಕಾರಗಳ ಇಲಾಖೆಗಳಿಗೆ ಅವುಗಳದ್ದೇ ಮಾಸ್ಟೊಡಾನ್ ಸರ್ವರ್ ಉಂಟು. ಬಿಬಿಸಿ 2023ರಲ್ಲಿ ತನ್ನದೇ ಸರ್ವರ್ ಪ್ರಯೋಗ ಮಾಡಿತು. ಸ್ವಂತ ಸರ್ವರ್ ಇದ್ದರೆ, ಆ ವಿಳಾಸದಿಂದ ಬಂದದ್ದು ಅಸಲಿ ಅಂತ ಜನರಿಗೆ ಗೊತ್ತಾಗುತ್ತದೆ. ನೀಲಿ ಟಿಕ್ಕಿಗೆ ದುಡ್ಡು ಕೊಡಬೇಕೆಂದಿಲ್ಲ.

ಹಾಗಾದರೆ ಎಲ್ಲ ಸುಖವಾ?

ಅಲ್ಲ. ಮಾರುವ ಬಟ್ಟೆಯ ದೋಷವನ್ನೂ ಹೇಳಿಯೇ ಮಾರಬೇಕು.

ಮೊದಲನೆಯದು, ಜನ. 2022ರಲ್ಲಿ ಹೊಸದಾಗಿ ಬಂದವರಲ್ಲಿ ದೊಡ್ಡ ಪಾಲು ನಂತರದ ತಿಂಗಳುಗಳಲ್ಲಿ ನಿಂತಿತು. 2019ರಲ್ಲಿ ಭಾರತದಿಂದ ಹೋದವರಲ್ಲೂ ಹೆಚ್ಚಿನವರು ವಾಪಸ್ ಬಂದರು. ಸಂತೆಯಲ್ಲಿ ಜನ ಇರುವ ಕಡೆಗೇ ಜನ ಹೋಗುತ್ತಾರೆ. ನನ್ನ ಗಿರಾಕಿಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಮಂದಿ ಮಾಸ್ಟೊಡಾನ್ ಹೆಸರೇ ಕೇಳಿಲ್ಲ. ಅಲ್ಲಿ ಬಟ್ಟೆ ಮಾರಿ ಬದುಕುತ್ತೇನೆ ಅಂದರೆ ಅದು ಸುಳ್ಳು.

ಎರಡನೆಯದು, ಸರ್ವರ್ ನಡೆಸುವವರು. ಹೆಚ್ಚಿನ ಕಡೆ ಒಬ್ಬಿಬ್ಬರು ಸ್ವಯಂಸೇವಕರು, ದಾನದ ದುಡ್ಡು. ಅವರು ಸುಸ್ತಾದರೆ ಮುಚ್ಚುತ್ತಾರೆ. ಫೈರ್‌ಫಾಕ್ಸ್ ಮಾಡುವ ಮೊಝಿಲ್ಲಾದಂಥ ಸಂಸ್ಥೆಯೇ ತನ್ನ ಮಾಸ್ಟೊಡಾನ್ ಸರ್ವರನ್ನು 2024ರ ಡಿಸೆಂಬರ್‌ನಲ್ಲಿ ನಿಲ್ಲಿಸಿತು. ಆದರೆ ಇಲ್ಲಿ ಒಂದು ವ್ಯತ್ಯಾಸ ಉಂಟು. ಒಂದು ಸರ್ವರಿನಿಂದ ಇನ್ನೊಂದಕ್ಕೆ ಖಾತೆ ಸ್ಥಳಾಂತರ ಮಾಡಿದರೆ ನಿಮ್ಮ ಹಿಂಬಾಲಕರು ತಾವಾಗಿಯೇ ನಿಮ್ಮ ಜೊತೆ ಬರುತ್ತಾರೆ, ಜಮಾಅತ್ ಬದಲಿಸುವಾಗ ಪತ್ರ ತಂದ ಹಾಗೆ. ಹಳೆಯ ಪೋಸ್ಟುಗಳು ಮಾತ್ರ ಬರುವುದಿಲ್ಲ. ಹಳೆಯ ಸರ್ವರ್ ಇನ್ನೂ ನಡೆಯುತ್ತಿರುವಾಗಲೇ ಈ ಕೆಲಸ ಆಗಬೇಕು.

ಮೂರನೆಯದು, ಗುಟ್ಟು. ಮಾಸ್ಟೊಡಾನ್‌ನ ಖಾಸಗಿ ಸಂದೇಶ ವಾಟ್ಸ್ಆ್ಯಪ್‌ನ ಹಾಗೆ ಬೀಗ ಹಾಕಿ ಹೋಗುವುದಲ್ಲ. ಸರ್ವರ್ ನಡೆಸುವವನು ಮನಸ್ಸು ಮಾಡಿದರೆ ಓದಬಹುದು. ಮನೆಯ ಮಾತು, ಬ್ಯಾಂಕಿನ ವಿವರ ಅಲ್ಲಿ ಬರೆಯಲೇಬೇಡಿ.

ನಾಲ್ಕನೆಯದು, ದ್ವೇಷ. ಮಾಲಕ ಇಲ್ಲ ಅಂದರೆ ಪೊಲೀಸ್ ಕೂಡ ಇಲ್ಲ ಅಂತ ಅರ್ಥ. ಒಳ್ಳೆಯ ಸರ್ವರ್‌ಗಳು ಕೆಟ್ಟ ಸರ್ವರ್‌ಗಳ ಸಂಪರ್ಕವನ್ನೇ ಕಡಿಯುತ್ತವೆ. ಆ ಕೆಟ್ಟ ಸರ್ವರ್ ಸಾಯುವುದಿಲ್ಲ, ನಮ್ಮ ಕಣ್ಣಿಗೆ ಬೀಳುವುದಿಲ್ಲ ಅಷ್ಟೆ. ಆದ್ದರಿಂದ ಸರ್ವರ್ ಆರಿಸುವಾಗ ಅದರ ನಿಯಮಗಳ ಪುಟ ಓದಿ. ನಿಯಮವೇ ಬರೆಯದ ಕಡೆ ಸೇರಬೇಡಿ.

ಇನ್ನೊಂದು ಹೆಸರು ಈಗ ತುಂಬಾ ಕೇಳುತ್ತದೆ, "ಬ್ಲೂಸ್ಕೈ". 2024ರ ಫೆಬ್ರವರಿಯಲ್ಲಿ ಎಲ್ಲರಿಗೂ ತೆರೆಯಿತು. ಬಳಸಲು ಸುಲಭ, ಖಾತೆಯನ್ನು ಬೇರೆ ಕಡೆಗೆ ಒಯ್ಯುವ ವ್ಯವಸ್ಥೆಯೂ ಉಂಟು. ಆದರೆ ಸದ್ಯಕ್ಕೆ ಹೆಚ್ಚಿನ ಖಾತೆಗಳು ಒಂದೇ ಕಂಪೆನಿಯ ಸರ್ವರ್‌ಗಳಲ್ಲೇ ಇವೆ.

ಹೋಗದೆಯೂ ಮಾಡಬಹುದಾದ ಕೆಲಸ

ಹಾಗಾದರೆ ನಾವು ಎಂತ ಮಾಡಬೇಕು? ನಾನು ಮಾಡಿದ್ದು, ಮಾಡುತ್ತಿರುವುದು ಇಷ್ಟು.

ಒಂದು, ಪ್ರತಿ ಮೂರು ತಿಂಗಳಿಗೊಮ್ಮೆ ನನ್ನ ಎಲ್ಲ ಖಾತೆಗಳ ಮಾಹಿತಿಯನ್ನು ಇಳಿಸಿಕೊಳ್ಳುತ್ತೇನೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಎಕ್ಸ್ ಎಲ್ಲದರ ಸೆಟ್ಟಿಂಗ್ಸ್‌ನಲ್ಲೂ ನಿಮ್ಮ ಮಾಹಿತಿಯನ್ನು ಡೌನ್‌ಲೋಡ್ ಮಾಡುವ ಆಯ್ಕೆ ಉಂಟು. ಹಾರ್ಡ್ ಡಿಸ್ಕ್‌ನಲ್ಲಿ ಒಂದು ಪ್ರತಿ, ಮನೆಯ ಕಪಾಟಿನಲ್ಲಿ ಇನ್ನೊಂದು.

ಎರಡು, ಗಿರಾಕಿಗಳ ಹೆಸರು, ನಂಬರ್ ಅವರ ಒಪ್ಪಿಗೆ ಕೇಳಿ ನೋಟ್ ಪುಸ್ತಕದಲ್ಲಿ ಬರೆಯುತ್ತೇನೆ. ಉಪ್ಪ ಐವತ್ತು ವರ್ಷ ಕಿರಾಣಿ ಅಂಗಡಿ ನಡೆಸಿದ್ದು ಸಾಲದ ಪುಸ್ತಕದ ಬಲದಿಂದ. ಆ ಪುಸ್ತಕವನ್ನು ಯಾವ ಕಂಪೆನಿಯೂ ಅಮಾನತು ಮಾಡಲಿಲ್ಲ.

ಮೂರು, ಅಂಗಡಿಯ ಹೆಸರಿನಲ್ಲಿ ಒಂದು ಡೊಮೈನ್ ತೆಗೆದುಕೊಂಡೆ. ವರ್ಷದ ಖರ್ಚು ಒಂದು ಚೂಡಿದಾರದ ಬೆಲೆಯಷ್ಟು. ಫೋಟೋ, ಬೆಲೆ ಮೊದಲು ಅಲ್ಲಿ ಹಾಕುತ್ತೇನೆ, ಆಮೇಲೆ ಅದರ ಲಿಂಕ್ ಉಳಿದೆಲ್ಲ ಕಡೆ. ಜಾಲತಾಣ ನನಗೆ ಈಗ ರಸ್ತೆ ಬದಿಯ ಬೋರ್ಡ್ ಮಾತ್ರ, ಅಂಗಡಿ ಅಲ್ಲ.

ನಾಲ್ಕು, ಮಾಸ್ಟೊಡಾನ್‌ನಲ್ಲಿ ಒಂದು ಖಾತೆ. ವ್ಯಾಪಾರಕ್ಕಲ್ಲ, ಓದಲು ಮತ್ತು ಕಲಿಯಲು. ಅಲ್ಲಿ ಜಾಹೀರಾತು ಇಲ್ಲ. ಯಾರನ್ನು ಹಿಂಬಾಲಿಸುತ್ತೇನೋ ಅವರ ಬರಹ ಬಂದ ಕ್ರಮದಲ್ಲೇ ಕಾಣುತ್ತದೆ. ಸಾಮಾನ್ಯವಾಗಿ ಒಂದು ಪೋಸ್ಟಿಗೆ 500 ಅಕ್ಷರದ ಮಿತಿ. ಕನ್ನಡ ಲಿಪಿಗೆ ಯಾವ ತೊಂದರೆಯೂ ಇಲ್ಲ.

ಐದು, ನಿಮ್ಮ ಖಾತೆಯನ್ನು ಅನ್ಯಾಯವಾಗಿ ತೆಗೆದರೆ ಸುಮ್ಮನೆ ಕೂರಬೇಡಿ. ಮೊದಲು ಆ ಕಂಪೆನಿಯ ಭಾರತದ ದೂರು ಅಧಿಕಾರಿಗೆ ಬರೆಯಿರಿ. 2021ರ ಐಟಿ ನಿಯಮಗಳ ಪ್ರಕಾರ ಅಂಥ ಅಧಿಕಾರಿ ಇರಲೇಬೇಕು. ಅವರ ಉತ್ತರ ಸರಿ ಕಾಣದಿದ್ದರೆ 30 ದಿನದೊಳಗೆ ಕೇಂದ್ರ ಸರಕಾರದ ದೂರು ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. 2023ರಿಂದ ಈ ವ್ಯವಸ್ಥೆ ಉಂಟು. ಪೇಜ್ ಹೋದ ದಿನ ನನಗೆ ಇದು ಗೊತ್ತಿರಲಿಲ್ಲ.

ನಮ್ಮ ಹುಡುಗರಿಗೆ ಒಂದು ಮಾತು

ಕಂಪ್ಯೂಟರ್ ಕಲಿತ ಹುಡುಗರು ನಮ್ಮಲ್ಲಿ ಈಗ ಕಡಿಮೆ ಇಲ್ಲ. ಮುಕ್ತ ತಂತ್ರಾಂಶದ ವಿಷಯದಲ್ಲಿ ಕೇರಳ ದೇಶಕ್ಕೇ ಮುಂದೆ. ಭಾರತದ ಮುಕ್ತ ತಂತ್ರಾಂಶ ಪ್ರತಿಷ್ಠಾನ 2001ರಲ್ಲಿ ಶುರುವಾದದ್ದು ತಿರುವನಂತಪುರದಲ್ಲಿ. ಸರಕಾರಿ ಶಾಲೆಗಳ ಕಂಪ್ಯೂಟರ್ ಲ್ಯಾಬುಗಳಲ್ಲಿ ಇರುವುದು ಲಿನಕ್ಸ್, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ಒಂದು ಸಣ್ಣ ಸರ್ವರ್ ನಡೆಸುವ ಬುದ್ಧಿ ನಮ್ಮ ಮಕ್ಕಳಿಗೆ ಇಲ್ಲ ಅಂತ ಯಾರೂ ಹೇಳಬೇಡಿ. ಬೇಕಾದದ್ದು ತಿಂಗಳ ಖರ್ಚಿಗೆ ಒಂದಷ್ಟು ಮಂದಿಯ ಚಂದಾ, ಜವಾಬ್ದಾರಿ ಹೊರುವ ಮೂರು ನಾಲ್ಕು ಜನ, ಬರೆದಿಟ್ಟ ನಿಯಮ. ಸರ್ವರ್ ನಡೆಸುವವರಿಗೆ ಕಾನೂನಿನ ಹೊಣೆಯೂ ಉಂಟು. ಅದನ್ನು ತಿಳಿದವರೊಬ್ಬರು ಜೊತೆಗಿರಲಿ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ನನ್ನ ವ್ಯಾಪಾರದ ನಷ್ಟ ಮುಂದಿನ ಪೆರ್ನಾಳಿಗೆ ತುಂಬಿತು. ತುಂಬದ ನಷ್ಟ ಇನ್ನೊಂದು ಉಂಟು. ನಮ್ಮ ಸಂಬಂಧಿಕ ಹುಡುಗನೊಬ್ಬ ಒಂದು ಜಾಲತಾಣದಲ್ಲಿ ಬ್ಯಾರಿ ಗಾದೆ, ಒಗಟು, ಮದುವೆ ಹಾಡುಗಳ ಗ್ರೂಪ್ ನಡೆಸುತ್ತಿದ್ದ. ನನ್ನ ಉಮ್ಮನ ಉಮ್ಮ ಹೇಳಿದ ಹತ್ತು ಹನ್ನೆರಡು ಒಗಟುಗಳನ್ನು, ಅವರ ದನಿಯಲ್ಲೇ ರೆಕಾರ್ಡ್ ಮಾಡಿ, ನಾನೇ ಅದರಲ್ಲಿ ಹಾಕಿದ್ದೆ. ಫೋನಿನಲ್ಲಿ ಜಾಗ ಇಲ್ಲ ಅಂತ ನನ್ನ ಪ್ರತಿಯನ್ನು ಅಳಿಸಿಯೂ ಆಗಿತ್ತು. ಗ್ರೂಪಿನಲ್ಲಿ ಉಂಟಲ್ಲ ಅಂತ ಧೈರ್ಯ. ಯಾರೋ ಆ ಹುಡುಗನ ಖಾತೆ ಹ್ಯಾಕ್ ಮಾಡಿದರು, ಖಾತೆಯ ಜೊತೆ ಗ್ರೂಪೂ ಹೋಯಿತು. ಅದಾಗಿ ಐದು ತಿಂಗಳಿಗೆ ಅವರೂ ತೀರಿಹೋದರು.

ಬ್ಯಾರಿ ಭಾಷೆ ಹೆಚ್ಚಾಗಿ ನಾಲಗೆಯ ಮೇಲೆಯೇ ಉಳಿದ ಭಾಷೆ. ಬರಹದಲ್ಲಿ ಇರುವುದು ಸ್ವಲ್ಪವೇ. ಅಂಥದ್ದನ್ನು ಯಾರದ್ದೋ ಕಪಾಟಿನಲ್ಲಿ ಇಟ್ಟು ಮರೆಯುವುದು ಸರಿಯಲ್ಲ. ಮಾಸ್ಟೊಡಾನ್‌ಗೆ ಹೋಗುತ್ತೀರೋ, ಇದ್ದಲ್ಲೇ ಇರುತ್ತೀರೋ, ಅದು ನಿಮ್ಮ ಇಷ್ಟ. ಆದರೆ ಇವತ್ತು ರಾತ್ರಿ ಮಲಗುವ ಮೊದಲು ಒಂದು ಕೆಲಸ ಮಾಡಿ. ಮನೆಯ ಹಿರಿಯರ ದನಿ, ಹಳೆಯ ಫೋಟೋ, ಅಂಗಡಿಯ ಲೆಕ್ಕ, ಯಾವುದಾದರೂ ಒಂದೇ ಕಡೆ ಇದ್ದರೆ ಅದರ ಇನ್ನೊಂದು ಪ್ರತಿ ತೆಗೆದು ನಿಮ್ಮ ಕೈಯಲ್ಲಿ ಇಟ್ಟುಕೊಳ್ಳಿ.